ಬೇವಿನ ಗಿಡಕ್ಕೆ ಕಟ್ಟಿದ ತಂತಿ

ತಾನು ಕಲ್ಲಾಗಿದ್ದೇನೆ ಎಂದು ನೀಲಾಂಬಿಕಾ ನಂಬಿಕೊಂಡು ನಾಲ್ಕು ತಿಂಗಳಾಗಿತ್ತು. ಅದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಅಷ್ಟು ಪುರುಸೊತ್ತು ಹುಬ್ಬಳ್ಳಿಯಲ್ಲಿ ಯಾರಿಗಿದೆ? ತನ್ನಷ್ಟಕ್ಕೆ ತಾನೇ ಲೆಕ್ಕ ಹಾಕಿ ತಾನೇ ತೀರ್ಪು ಕೊಟ್ಟುಕೊಂಡಿದ್ದಳು.

ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಫೋನು ಬರುತ್ತಿತ್ತು. ಗಂಡ ಚನ್ನವೀರ ಸಮುದ್ರದ ತಳದಿಂದ ಲೋಹದ ಗಂಟುಗಳನ್ನು ಎತ್ತುವ ಗಣಿಹಡಗೊಂದರಲ್ಲಿ ಜನರೇಟರುಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ವರ್ಷದ ಕರಾರಿನ ಮೇಲೆ ಹೋಗಿದ್ದ. ಭೂಪಟದಲ್ಲಿ ಬೆರಳಿಟ್ಟರೆ ಸುತ್ತಲೂ ಬರೀ ನೀಲಿ ಇರುವಂಥ ಜಾಗ ಅದು. ಆದರೂ ಅವನ ದನಿ ಪಕ್ಕದ ಕೋಣೆಯಿಂದ ಬಂದಷ್ಟು ಸ್ವಚ್ಛವಾಗಿ ಕೇಳುತ್ತಿತ್ತು. ಇವತ್ತೇನು ಅಡುಗೆ ಎಂದು ಕೇಳುತ್ತಿದ್ದ, ಹಡಗಿನ ಅಡುಗೆಯವನ ಮೇಲೊಂದು ಚೇಷ್ಟೆ ಮಾಡುತ್ತಿದ್ದ, ಅವ್ವನ ಮೊಣಕಾಲು ನೋವು ವಿಚಾರಿಸುತ್ತಿದ್ದ. ಅತ್ತೆ ಬಸಲಿಂಗವ್ವನಿಗೆ ಅದೊಂದು ಹಬ್ಬ. ಮನೆಯಲ್ಲಿದ್ದಾಗ ತಾಯಿಗೆ ಮೊಣಕಾಲು ಎಂಬುದೊಂದು ಇದೆಯೆನ್ನುವುದನ್ನೇ ಮರೆತಿದ್ದ ಮಗ, ಸಮುದ್ರಕ್ಕೆ ಹೋದ ಮೇಲೆ ಸುಧಾರಿಸಿದ್ದಾನೆಂದು ಓಣಿಗೆಲ್ಲ ಸಾರಿಕೊಂಡು ಬಂದಿದ್ದಳು.

ನೀಲಾಂಬಿಕಾ ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದಳು, ನಗಬೇಕಾದಲ್ಲಿ ನಗುತ್ತಿದ್ದಳು. ಫೋನು ಇಟ್ಟ ಮೇಲೆ ಒಳಗೆ ಹುಡುಕಿದರೆ ಏನೂ ಸಿಗುತ್ತಿರಲಿಲ್ಲ. ಜೋಮು ಹಿಡಿದ ಕಾಲನ್ನು ಮುಟ್ಟಿ ನೋಡಿದ ಹಾಗೆ: ಕಾಲು ಇದೆ, ಅದು ತನ್ನದೇ ಎನ್ನುವುದೂ ಗೊತ್ತು, ಅಷ್ಟೇ.

ಇದು ಶುರುವಾದದ್ದು ಬಸಿರು ನಿಲ್ಲದೆ ಹೋದ ದಿನದಿಂದ. ಚನ್ನವೀರ ಹೊರಡುವಾಗ ಅವಳಿಗೆ ಎರಡನೆಯ ತಿಂಗಳು. ನಾಲ್ಕರಲ್ಲಿ ಎಲ್ಲ ಮುಗಿಯಿತು. ಆಸ್ಪತ್ರೆಯ ಹಾಸಿಗೆಯಿಂದಲೇ ಅವನಿಗೆ ಫೋನು ಮಾಡಿ ಹೇಳಿದ್ದಳು. ಅವನು ಅತ್ತ. ಆಮೇಲೆ ಸಮಾಧಾನ ಹೇಳಿದ. ಎಷ್ಟು ಚೆನ್ನಾಗಿ ಹೇಳಿದನೆಂದರೆ, ಪಕ್ಕದಲ್ಲಿ ಕೂತು ಕೇಳುತ್ತಿದ್ದ ಬಸಲಿಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಇಂಥಾ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದಳು. ನೀಲಾಂಬಿಕಾಳ ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ. ಅಂಥಾ ಮಾತಿಗೂ ಕರಗದವಳು ಕಲ್ಲಲ್ಲದೆ ಮತ್ತೇನು? ಡಾಕ್ಟರು ಗುಳಿಗೆ ಬರೆದುಕೊಟ್ಟರು. ಗುಳಿಗೆ ನುಂಗಿ ಅವಳು ಕೆಲಸಕ್ಕೆ ಹೋದಳು.

ಅವಳ ಕೆಲಸವೂ ಮಾತಿನದೇ. ಗೋಕುಲ ರಸ್ತೆಯ ಆಚೆ, ಹಳೆಯ ಕಾರ್ಖಾನೆಗಳ ಸಾಲಿನಲ್ಲಿ 'ತುಂಬುದನಿ' ಕಂಪನಿಯ ನಿಯಂತ್ರಣ ಕೊಠಡಿ ಇತ್ತು. ತುಂಬುದನಿ ಬಂದ ಕಥೆ ಈಗ ಶಾಲೆಯ ಮಕ್ಕಳಿಗೂ ಗೊತ್ತು. ದೂರದ ಮಾತು ದಾರಿಯಲ್ಲಿ ಹರಿದು ತುಂಡಾಗಿ ಬರುತ್ತಿದ್ದ ಕಾಲದಲ್ಲಿ, ಬಿಟ್ಟುಹೋದ ಅಕ್ಷರವನ್ನು ಊಹಿಸಿ ತುಂಬುವ ಒಂದು ಪೆಟ್ಟಿಗೆ ಮಾಡಿದರು. 'ಊಟ ಆ' ಎಂದು ಬಂದು ಉಳಿದದ್ದು ಗಾಳಿಗೆ ಹೋದರೆ, 'ಯಿತಾ' ಎಂಬುದನ್ನು ಮಾತಾಡುವವರ ದನಿಯಲ್ಲೇ ಸೇರಿಸಿ ಕೊಡುತ್ತಿತ್ತು. ಜನಕ್ಕೆ ಹಿಡಿಸಿತು. ಪೆಟ್ಟಿಗೆಯೂ ಕಲಿಯುತ್ತ ಹೋಯಿತು. ಮನೆಮನೆಯ ಮಾತು, ನಗು, ಜಗಳ, ಹಬ್ಬ, ಶಾಸ್ತ್ರ ಎಲ್ಲ ಅದರ ಹೊಟ್ಟೆಗೆ ಬಿತ್ತು. ಅಕ್ಷರ ತುಂಬುತ್ತಿದ್ದದ್ದು ಶಬ್ದ ತುಂಬಿತು, ಶಬ್ದ ತುಂಬುತ್ತಿದ್ದದ್ದು ವಾಕ್ಯ ತುಂಬಿತು. ಕೊನೆಗೆ ಕಂಪನಿಗೆ ಒಂದು ವಿಷಯ ಹೊಳೆಯಿತು: ಮಾತನ್ನು ಹೊತ್ತು ತರುವುದಕ್ಕಿಂತ ಇಲ್ಲೇ ತಯಾರಿಸುವುದು ಸೋವಿ. ಈ ತುದಿಗೊಂದು ಪೆಟ್ಟಿಗೆ, ಆ ತುದಿಗೊಂದು ಪೆಟ್ಟಿಗೆ, ನಡುವೆ ಸಾಧ್ಯವಾದಷ್ಟು ಕಡಿಮೆ ಸಾಗಾಟ. ಸ್ವಲ್ಪ ತುಂಬಿರುತ್ತಾರೆಂದು ಜನಕ್ಕೂ ಗೊತ್ತಿತ್ತು. ಹಾಲಿಗೆ ನೀರು ಬೆರೆಸಿರುತ್ತಾರೆಂದು ಗೊತ್ತಿದ್ದೂ ಹಾಲು ಕೊಳ್ಳುತ್ತೇವಲ್ಲ, ಹಾಗೆ.

ಕೊಠಡಿಯ ಗೋಡೆಯ ಪರದೆಗಳ ಮೇಲೆ ಒಂದೊಂದು ಲೈನಿಗೆ ಒಂದೊಂದು ಗೆರೆ. ನಿಜವಾಗಿ ಬಂದ ಮಾತು ಹಸಿರು, ತುಂಬಿದ್ದು ಹಳದಿ. ಲೈನು ಯಾರದೆಂದು ತಿಳಿಯುವಂತಿಲ್ಲ, ಬರೀ ಸಂಖ್ಯೆ. ನೀಲಾಂಬಿಕಾಳ ಪಾಲಿಗೆ ಉತ್ತರದ ಪಟ್ಟಣಗಳ ಲೈನುಗಳಿದ್ದವು. ಅವುಗಳಲ್ಲಿ ಎರಡು ಸೆಕೆಂಡಿಗಿಂತ ಹೆಚ್ಚು ಮೌನ ಉಳಿಯದಂತೆ ನೋಡಿಕೊಳ್ಳುವುದು ಅವಳ ಕೆಲಸ. ಮೌನ ಉಳಿದರೆ ಗಿರಾಕಿ ಗಾಬರಿಯಾಗುತ್ತಾನೆ ಎಂಬುದು ಕಂಪನಿಯ ಮೊದಲ ಪಾಠ.

ಆ ದಿನ ದಕ್ಷಿಣ ಸಮುದ್ರದ ಮೇಜಿನ ಹುಡುಗಿ ರಜೆ ಹಾಕಿದ್ದಳು. ಅಲ್ಲಿ ಕೂರಲು ನೀಲಾಂಬಿಕಾಳಿಗೆ ಹೇಳಿದರು. ಕೂತು ಪರದೆ ನೋಡಿದಳು. ಚನ್ನವೀರನದೂ ಸೇರಿ ಆ ಕಡೆಯ ಹಡಗುಗಳ ಲೈನುಗಳೆಲ್ಲ ಒಂದೇ ಕಟ್ಟಾಗಿ ಹರಿಯುತ್ತಿದ್ದವು, ಆ ಕಟ್ಟು ಪೂರ್ತಿ ಹಳದಿಯಾಗಿತ್ತು. ಹಸಿರಿನ ಒಂದು ಎಳೆಯೂ ಇರಲಿಲ್ಲ. ಪರದೆ ಕೆಟ್ಟಿದೆಯೆಂದುಕೊಂಡು ಮೇಲ್ವಿಚಾರಕ ಇನಾಮದಾರರನ್ನು ಕರೆದಳು.

ಇನಾಮದಾರರು ಕೆಟ್ಟವರಲ್ಲ. ಕೈಯಲ್ಲಿ ಚಹಾದ ಕಪ್ಪು ಹಿಡಿದುಕೊಂಡೇ ಬಂದು, ಪರದೆ ಸರಿಯಾಗಿಯೇ ಇದೆ ಎಂದರು. ಆ ಕಡೆಯ ಸಮುದ್ರದಡಿಯ ತಂತಿ ಎಲ್ಲೋ ಹರಿದಿದೆ, ರಿಪೇರಿ ಹಡಗು ಹೋಗಬೇಕು, ಹೋಗುತ್ತದೆ. ಹಡಗಿನವರೆಲ್ಲ ಕ್ಷೇಮವೆಂದು ಅವರ ಕಂಪನಿಯಿಂದ ವಾರಕ್ಕೊಮ್ಮೆ ಸಂದೇಶ ಬರುತ್ತದೆ, ಅದಕ್ಕೇ ಯಾರೂ ತಲೆ ಕೆಡಿಸಿಕೊಂಡಿಲ್ಲ. ಯಾವಾಗ ಹರಿಯಿತು ಎಂದು ನೀಲಾಂಬಿಕಾ ಕೇಳಿದಳು. ಹಳೆಯ ಗೆರೆಗಳನ್ನು ಇಟ್ಟುಕೊಳ್ಳುವುದಿಲ್ಲ, ತಿಂಗಳಿಗೊಮ್ಮೆ ಅಳಿಸುತ್ತೇವೆ ಎಂದರು.

"ಮಾತಂತೂ ನಿಂತಿಲ್ಲಲ್ಲ ಮೇಡಮ್," ಅಂದರು ಇನಾಮದಾರರು. "ಒಂದು ಕಂಪ್ಲೇಂಟ್ ಬಂದಿಲ್ಲ. ಬದಲಿಗೆ ಮೊದಲಿನಕಿಂತ ಛಲೋ ಕೇಳಸ್ತದ ಅಂತ ಹೇಳ್ಯಾರ."

ಅವಳು ತಲೆಯಾಡಿಸಿ ಮೇಜಿಗೆ ಮರಳಿದಳು. ಸಂಜೆಯವರೆಗೆ ಹಳದಿಯನ್ನು ಕಾಯ್ದಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಂದದ್ದು ಒಂದೇ ಪ್ರಶ್ನೆ: ಆಸ್ಪತ್ರೆಯಲ್ಲಿ ಆ ದಿನ ಅತ್ತು ಸಮಾಧಾನ ಹೇಳಿದವನು ಯಾರು? ಚನ್ನವೀರನೇ ಆಗಿದ್ದರೆ ತಾನು ಕಲ್ಲು. ಅವನಲ್ಲದಿದ್ದರೆ... ಅದರ ಮುಂದಕ್ಕೆ ಯೋಚನೆ ಓಡಲಿಲ್ಲ.

ಅಂದು ಸಂಜೆ ಫೋನಿನಲ್ಲಿ ಅವನನ್ನು ಪರೀಕ್ಷೆ ಮಾಡಿದಳು. ಕಾಲೇಜಿನ ರೇಡಿಯೋ ಕ್ಲಬ್ಬಿನಲ್ಲಿ ಇಬ್ಬರೂ ಮೊದಲು ಕೂಡಿ ಕಟ್ಟಿದ ಸೆಟ್ಟು ಹೊಗೆಯಾಡಿದ್ದು ಯಾಕೆ ಎಂದು ಕೇಳಿದಳು. ಚನ್ನವೀರ ನಕ್ಕು, ಬ್ಯಾಟರಿ ತಿರುಗಾಮುರುಗಾ ಹಚ್ಚಿದವಳು ನೀನೇ, ಬೈಸಿಕೊಂಡವನು ನಾನು ಎಂದ. ಸರಿಯಾದ ಉತ್ತರ. ಆದರೆ ಆ ಕಥೆಯನ್ನು ಇಬ್ಬರೂ ಫೋನಿನಲ್ಲಿ ಎಷ್ಟು ಸಲ ಹೇಳಿಕೊಂಡಿರಲಿಲ್ಲ? ಪೆಟ್ಟಿಗೆಗೆ ಗೊತ್ತಿಲ್ಲದ ಸಂಸಾರದ ಗುಟ್ಟು ಯಾವುದೂ ಉಳಿದಿರಲಿಲ್ಲ. ಕಳ್ಳನ ಕೈಗೆ ಕೀಲಿ ಕೊಟ್ಟು ಕಳ್ಳನನ್ನೇ ಪತ್ತೆ ಮಾಡು ಎಂದ ಹಾಗಾಯಿತು.

ಆಗ ನೆನಪಾದದ್ದು ರೇಡಿಯೋ. ಹೊರಡುವಾಗ ಚನ್ನವೀರ ಒಂದು ಚಿಕ್ಕ ಸೆಟ್ಟನ್ನು ಬಟ್ಟೆಗಳ ನಡುವೆ ಸುತ್ತಿಕೊಂಡು ಒಯ್ದಿದ್ದ. ಇಬ್ಬರಿಗೂ ಹ್ಯಾಮ್ ಲೈಸೆನ್ಸು, ಅಂದರೆ ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವ ಪರವಾನಗಿ, ಇತ್ತು. ಪ್ರತಿ ರವಿವಾರ ಹೊತ್ತು ಮುಳುಗುವ ಮುಂಚೆ ಇಪ್ಪತ್ತು ಮೀಟರ್ ಅಲೆಯುದ್ದದ ಬ್ಯಾಂಡಿನಲ್ಲಿ, ಅದು ಸಿಗದಿದ್ದರೆ ಬೇರೆ ಬ್ಯಾಂಡುಗಳಲ್ಲಿ, ಕರೆಯುವುದೆಂದು ಮಾತಾಗಿತ್ತು. ಹೋದ ಕೆಲವು ವಾರಕ್ಕೇ ಫೋನಿನಲ್ಲಿ ಅವನೇ, ಇಷ್ಟು ಸ್ವಚ್ಛ ಕೇಳುತ್ತಿರುವಾಗ ಆ ಗದ್ದಲ ಯಾಕೆ ಬೇಕು, ಬಿಟ್ಟುಬಿಡು ಎಂದಿದ್ದ. ಅವಳು ಬಿಟ್ಟಿದ್ದಳು. ಈಗ ಯೋಚಿಸಿದರೆ, ಚನ್ನವೀರ ಗದ್ದಲಕ್ಕೆ ಬೇಸರ ಪಟ್ಟವನೇ ಅಲ್ಲ.

ಅಟ್ಟದಿಂದ ತನ್ನ ಸೆಟ್ಟು ಇಳಿಸಿ ಧೂಳು ಒರೆಸಿದಳು. ಸೆಟ್ಟಿತ್ತು, ಹಳೆಯ ಆಂಟೆನಾ ಉಳಿದಿರಲಿಲ್ಲ. ಕೊಳ್ಳಲು ಹೋದರೆ ಅಂಗಡಿಯವರು ಅದೇನೆಂದು ಕೇಳುವ ಕಾಲ. ಮನೆಯಲ್ಲಿ ಹುಡುಕಿದಾಗ ಲೈಟಿಂಗಿಗೆಂದು ತಂದಿದ್ದ ಜೋಡಿ ವಯರಿನ ಸುರುಳಿ, ಯಾರೂ ನೋಡದ ಹಳೆಯ ಡಿಶ್ಶಿನ ಕೇಬಲ್ಲು, ಒಂದಷ್ಟು ಪ್ಲಾಸ್ಟಿಕ್ ಪೈಪು ಸಿಕ್ಕವು. ಸಾಕಾಗಿತ್ತು.

ಯಾವ ಬ್ಯಾಂಡು ಯಾವಾಗ ತೆರೆಯುತ್ತದೆಂಬುದು ಮೇಲಿನ ಆಕಾಶಕ್ಕೆ ಬಿಟ್ಟದ್ದು. ಮಾತು ಹೋಗಿ ಆಕಾಶದ ಪದರಕ್ಕೆ ತಾಗಿ ಸಮುದ್ರಕ್ಕೆ ಇಳಿಯಬೇಕು. ಒಂದೇ ಬ್ಯಾಂಡನ್ನು ನಂಬಿ ಕೂರುವಂತಿರಲಿಲ್ಲ. ಅದಕ್ಕೇ ಮೂರು ಜೋಡಿ ತಂತಿಗಳನ್ನು ಒಂದೇ ನಡುಗಂಟಿಗೆ ಕಟ್ಟುವುದೆಂದು ತೀರ್ಮಾನಿಸಿದಳು: ನಲವತ್ತು ಮೀಟರಿನ ಬ್ಯಾಂಡಿಗೆ ಉದ್ದನೆಯ ಜೋಡಿ, ಇಪ್ಪತ್ತಕ್ಕೆ ಅದರರ್ಧ, ಹತ್ತಕ್ಕೆ ಅದರರ್ಧ. ಉದ್ದನೆಯದು ಹದಿನೈದು ಮೀಟರಿನ ಬ್ಯಾಂಡಿಗೂ ಒಗ್ಗುತ್ತದೆ, ಹಾಗಾಗಿ ನಾಲ್ಕನೆಯದು ಪುಕ್ಕಟೆ.

ಅಳತೆ ಹಿಡಿಯಲು ಇನ್ನೊಬ್ಬರು ಬೇಕಿತ್ತು. ಬಸಲಿಂಗವ್ವನನ್ನು ಕರೆದಳು. ಫೋನಿನ ಸಂಗತಿ ಹೇಳಲಿಲ್ಲ, ಮಗನ ಜೊತೆ ಮಾತಾಡಲು ಎಂದಷ್ಟೇ ಹೇಳಿದಳು. ದಿನಾ ಮಾತಾಡುತ್ತಿರುವಾಗ ಇದೆಂಥಾ ಹುಚ್ಚು ಎಂದು ಗೊಣಗುತ್ತಲೇ ಅತ್ತೆ ಟೇಪಿನ ತುದಿ ಹಿಡಿದಳು. ಅವಳು ಮೂವತ್ತು ವರ್ಷ ಓಣಿಯ ಹೆಂಗಸರ ಜಂಪರ್ ಹೊಲಿದವಳು. ಸೊಸೆ ಲೆಕ್ಕದ ಅಳತೆಗಿಂತ ಒಂದು ಗೇಣು ಹೆಚ್ಚಿಗೆ ಬಿಟ್ಟು ಕತ್ತರಿಸುವುದನ್ನು ಕಂಡು ಒಪ್ಪಿಗೆಯಾಯಿತು. ಒಳಗೆ ಅರಿವೆ ಬಿಡದೆ ಹೊಲಿಯುವವಳು ಸಿಂಪಿಗಿತ್ತಿಯೇ ಅಲ್ಲ ಎಂದಳು. ಜೋಡಿ ವಯರನ್ನು ಸೀಳಿ ಬಿಡಿಸಿದರು. ತಂತಿಗಳು ಒಂದಕ್ಕೊಂದು ತಾಗದಂತೆ ನಡುನಡುವೆ ಪೈಪಿನ ತುಂಡು ಇಟ್ಟು ಪೋಣಿಸಿದರು. ಕೇಬಲ್ಲನ್ನು ಗಂಟಿನ ಕೆಳಗೆ ಒಂದು ಪೈಪಿಗೆ ಸುತ್ತಿದರು. ನೀಲಾಂಬಿಕಾ ಮಾಳಿಗೆ ಹತ್ತಿ, ದಾರ ಕಟ್ಟಿದ ಕಲ್ಲನ್ನು ಬೀಸಿ ಬೀಸಿ ಬೇವಿನ ಗಿಡದ ಎತ್ತರದ ಕೊಂಬೆಗೆ ಎಸೆದಳು. ಮೂರು ಸಲ ಕಲ್ಲು ಪಕ್ಕದ ಮನೆಯ ಶೀಟಿನ ಮೇಲೆ ಬಿದ್ದು ಬೈಗುಳ ಬಂತು. ನಾಲ್ಕನೆಯದು ಕೊಂಬೆ ದಾಟಿತು. ಇನ್ನೊಂದು ತುದಿಯನ್ನು ನೀರಿನ ಟಾಕಿಗೆ ಬಿಗಿದರು. ಕೆಲಸ ಮಾಡುವಾಗ ಕೈ ನೆಟ್ಟಗೆ ನಡೆಯಿತು. ಮನಸ್ಸಿನ ಸುದ್ದಿ ಕೈಗಳಿಗೆ ತಲುಪಿರಲಿಲ್ಲವೇನೋ.

ಮೊದಲ ರವಿವಾರ ಕರೆದಾಗ ಉತ್ತರ ಕೊಟ್ಟವನು ಯಾವುದೋ ದ್ವೀಪದ ಮುದುಕ. ನಿನ್ನ ಸಿಗ್ನಲ್ಲು ಐದು-ಒಂಬತ್ತು ಎಂದ. ಅದಕ್ಕಿಂತ ಸ್ಪಷ್ಟ ಇರಲಾರದು ಎಂದು ಅದರ ಅರ್ಥ. ಹಾಗೆಂದವನು ಅವಳ ಹೆಸರನ್ನು ಮೂರು ಸಲ ಕೇಳಿದ. ಹ್ಯಾಮ್‌ಗಳಲ್ಲಿ ಇದೊಂದು ರೂಢಿ. ಕೇಳಿಸಲಿ ಬಿಡಲಿ, ಮರ್ಯಾದೆಗೆ ಐದು-ಒಂಬತ್ತು ಎಂದುಬಿಡುತ್ತಾರೆ. ಚನ್ನವೀರನಿಗೆ ಈ ಮರ್ಯಾದೆ ಕಂಡರೆ ಆಗುತ್ತಿರಲಿಲ್ಲ. ಕೇಳಿಸಿದಷ್ಟನ್ನೇ ಹೇಳಬೇಕು, ಇಲ್ಲದಿದ್ದರೆ ರೇಡಿಯೋ ಯಾಕೆ ಎಂದು ಕ್ಲಬ್ಬಿನಲ್ಲಿ ಎಲ್ಲರ ಜೊತೆ ಜಗಳ ಕಾಯುತ್ತಿದ್ದ. ಅಂದು ಅವನು ಸಿಗಲಿಲ್ಲ. ತಂತಿ ಜಗ್ಗಿ ಉದ್ದವಾಗಿತ್ತು, ವಯರಿನ ಮೇಲಿನ ಪ್ಲಾಸ್ಟಿಕ್ಕಿನ ಲೆಕ್ಕವೂ ತಪ್ಪಿತ್ತು. ಹೆಚ್ಚಿಗೆ ಬಿಟ್ಟದ್ದನ್ನು ವಾರವಿಡೀ ಬೆರಳಗಲ ಬೆರಳಗಲ ಕತ್ತರಿಸಿ ಸರಿಮಾಡಿದಳು. ಕೆಳಗೆ ಫೋನು ದಿನಾ ಹೊತ್ತಿಗೆ ಸರಿಯಾಗಿ ಬಂತು. ದನಿ ದಿನಾ ಹಿತವಾಗಿತ್ತು.

ಎರಡನೆಯ ರವಿವಾರ ಬಸಲಿಂಗವ್ವನೂ ಮೆಟ್ಟಿಲು ಹತ್ತಿ ಬಂದು ಟಾಕಿಯ ನೆರಳಿಗೆ ಕೂತಳು. ಸೆಟ್ಟಿನಿಂದ ಬರೀ ಸರಸರ ಸದ್ದು. ನೀಲಾಂಬಿಕಾ ಕರೆದಳು, ನಿಂತಳು, ಮತ್ತೆ ಕರೆದಳು. ಬೇವಿನ ಗಿಡದ ತುದಿಯಲ್ಲಷ್ಟೇ ಬಿಸಿಲು ಉಳಿದಿದ್ದಾಗ ಸದ್ದಿನ ತಳದಿಂದ ಅವಳದೇ ರೇಡಿಯೋ ಗುರುತಿನ, ಅಂದರೆ ಕಾಲ್‌ಸೈನಿನ, ಕೊನೆಯ ಅಕ್ಷರಗಳು ಕೇಳಿಬಂದವು. ಆಮೇಲೆ ದನಿ. ಒಡಕು ದನಿ, ನೆಗಡಿಯಾದಂತೆ.

"ನೀಲಾ ಏನು? ನಿನ್ನ ಸಿಗ್ನಲ್ ಮೂರು-ಮೂರು. ಭಾಳ ತ್ರಾಸಲೇ ಕೇಳಸಾಕತ್ತೈತಿ. ನೀನ ಬ್ಯಾಡ ಅಂದಿದ್ದಿ, ಆದ್ರೂ ನಾ ರವಿವಾರಕ್ಕೊಮ್ಮಿ ಹಚ್ಚಿ ಕೇಳೂದು ಬಿಟ್ಟಿಲ್ಲ. ಓವರ್."

ಬಸಲಿಂಗವ್ವ ಮೊಣಕಾಲಿನ ಮೇಲೆ ಕೈಯೂರಿ ನೆಟ್ಟಗಾದಳು. ಮಗ ಅವಳನ್ನು ವಿಚಾರಿಸಿರಲಿಲ್ಲ. "ಇಂವ ನನ್ನ ಮಗ," ಅಂದಳು ಮೆಲ್ಲಗೆ. ಸೊಸೆ ಹೇಳದ್ದನ್ನೆಲ್ಲ ಅಷ್ಟರಲ್ಲೇ ತಿಳಿದುಕೊಂಡಳು.

ನೀಲಾಂಬಿಕಾಳಿಗೆ ಕೇಳಬೇಕಿದ್ದದ್ದು ಒಂದೇ ಮಾತು. ಆದರೆ ಗುಂಡಿ ಒತ್ತಿದಾಗ ಬಾಯಿಂದ ಬಂದದ್ದು ರೂಢಿಯ ಮಾತು. ನಿಮ್ಮದು ನಾಲ್ಕು-ಮೂರು ಎಂದು ಹೇಳಿ, ಸರದಿ ಬಿಟ್ಟುಕೊಡುವ ಓವರ್ ಎಂದಳು. ಅವನೂ ರೂಢಿಯಂತೆ ಮುಂದಿನದನ್ನು ಕೇಳಿದ. ಸಿಗ್ನಲ್ಲಿನ ನಂತರ ಆಂಟೆನಾ ಯಾವುದೆಂದು ಕೇಳದ ಹ್ಯಾಮ್ ಭೂಮಿಯ ಮೇಲೆ ಇಲ್ಲ.

"ಮೂರು ಜೋಡಿ ವಯರು, ಒಂದ ಗಂಟಿಗೆ," ಅಂದಳು. "ಒಂದು ತುದಿ ಬೇವಿನ ಗಿಡಕ್ಕ, ಇನ್ನೊಂದು ಟಾಕಿಗೆ. ಮಾಳಿಗಿ ಹತ್ತಿ ನಾನ ಕಟ್ಟೀನಿ. ಓವರ್."

ಆಮೇಲೆ ದನಿ ಏರಿ ಬಂತು.

"ನೀನ ಹತ್ತಿದೇನು? ಎಂಟನೇ ತಿಂಗಳದಾಗ? ನಿನಗ ಬುದ್ಧಿ ಐತೇನು ನೀಲಾ? ಕುಬಸದ ದಿನಾ ಹಸರ ಸೀರಿ ಉಟ್ಟೀನಿ, ಕೂಸು ಒದೀತೈತಿ ಅಂತ ಅಷ್ಟ ಖುಷಿಲೇ ಹೇಳಿದಿ. ಈಗ ಆ ಹೊಟ್ಟಿ ಇಟಗೊಂಡು ಮಾಳಿಗಿ ಹತ್ತತೀಯಲ್ಲ. ಅವ್ವ ಏನ್ ಮಾಡಾಕತ್ತಿದ್ಲು? ಆಕಿಗೆ ಕೊಡು ಮೈಕು. ಓವರ್."

ಬಸಲಿಂಗವ್ವನ ಕೈ ಮೈಕಿನ ಕಡೆ ಬರಲಿಲ್ಲ. ಬಸುರಿಗೆ ಮಾಡುವ ಕುಬಸದ ಶಾಸ್ತ್ರ ಆ ಮನೆಯಲ್ಲಿ ನಡೆದೇ ಇರಲಿಲ್ಲ.

ಇಷ್ಟು ದಿನ ನೀಲಾಂಬಿಕಾ ಒಂದೇ ತುದಿಯನ್ನು ಯೋಚಿಸಿದ್ದಳು. ಲೈನಿಗೆ ಎರಡು ತುದಿ ಎಂಬುದನ್ನು, ದಿನಾ ಅದೇ ಕೆಲಸ ಮಾಡುವವಳು, ಮರೆತಿದ್ದಳು. ಇಲ್ಲಿಯ ಪೆಟ್ಟಿಗೆ ಅವಳ ಮಾತು ಕೇಳಿ ಗಂಡನಾಗಿ ಅತ್ತಿತ್ತು. ಹಡಗಿನ ಕಡೆಯ ಪೆಟ್ಟಿಗೆಗೆ ಏನೂ ಕೇಳಿಸಿರಲಿಲ್ಲ. ತಿಂಗಳು ತಿಂಗಳಿಗೆ ಬಸುರಿಯರು ಏನು ಹೇಳುತ್ತಾರೋ ಅದನ್ನೇ ಅವಳ ದನಿಯಲ್ಲಿ ಹೇಳುತ್ತ, ಕೂಸನ್ನು ಬೆಳೆಸಿಕೊಂಡು ಬಂದಿತ್ತು. ನಾಲ್ಕು ತಿಂಗಳ ಹಿಂದೆ ಇಲ್ಲವಾದದ್ದು ಅಲ್ಲಿ ಇನ್ನೂ ಒದೆಯುತ್ತಿತ್ತು.

ಅವಳು ಗುಂಡಿ ಒತ್ತಿದಳು. "ರೀ, ಕೂಸು ಉಳೀಲಿಲ್ಲ. ಓವರ್."

"ಹರಿದು ಬಂತು. ಏನು ಉಳೀಲಿಲ್ಲ? ಮತ್ತೊಮ್ಮೆ ಹೇಳು. ಓವರ್."

ಹರಿದು ಬಂದ ಮಾತನ್ನು ಹೇಗೆ ಹೇಳಬೇಕೆಂದು ಕ್ಲಬ್ಬಿನಲ್ಲಿ ಕಲಿಸಿದ್ದರು. ಮುಖ್ಯವಾದ ಶಬ್ದವನ್ನು ಬಿಡಿಸಿ, ನಿಧಾನವಾಗಿ, ಎರಡೆರಡು ಸಲ ಹೇಳಬೇಕು. ಅವಳು ಹಾಗೆಯೇ ಹೇಳಿದಳು.

"ಕೂಸು. ಕೂಸು. ಉಳೀಲಿಲ್ಲ. ಉಳೀಲಿಲ್ಲ. ನಾಲ್ಕು ತಿಂಗಳಾತು. ಆವತ್ತ ನಿಮಗ ಫೋನ್ ಮಾಡಿ ಹೇಳಿದ್ದೆ. ಅತ್ತಾಂವ ನೀವಲ್ಲ, ಯಂತ್ರ. ಓವರ್."

ಮೂರನೆಯ ಸಲ ಹೇಳಬೇಕಾಗಿ ಬರಲಿಲ್ಲ. ಸರಸರ ಸದ್ದು ಸರಿದು, ಅದರ ಹಿಂದೆ ಸಣ್ಣಗೆ ಗುಂಯ್ ಎನ್ನುವ ನಾದ ಎದ್ದಿತು. ಹಡಗಿನ ಜನರೇಟರು. ಚನ್ನವೀರ ಮೈಕಿನ ಗುಂಡಿಯನ್ನು ಒತ್ತಿ ಹಿಡಿದಿದ್ದ. ಮಾತಿರಲಿಲ್ಲ. ಗುಂಯ್‌ಗುಡುವುದರ ನಡುವೆ ಒಂದು ಉಸಿರು ಬಂತು, ತಡೆಯಿತು, ಮತ್ತೆ ಬಂತು. ಎರಡು ಸೆಕೆಂಡು ಎಂದೋ ಕಳೆದುಹೋಗಿತ್ತು. ಅದನ್ನು ತುಂಬಲು ಅಲ್ಲಿ ಯಾರೂ ಇರಲಿಲ್ಲ.

ಅವಳ ಅಂಗೈಯಲ್ಲಿ ಮೊದಲು ಚುಚ್ಚಿದಂತಾಯಿತು, ಆಮೇಲೆ ತೋಳಿನಲ್ಲಿ, ಆಮೇಲೆ ಎದೆಯಲ್ಲಿ. ಜೋಮು ಬಿಡುವಾಗ ಹಿಡಿದಾಗಿನದಕ್ಕಿಂತ ಹೆಚ್ಚು ನೋಯುತ್ತದೆ. ಮುಖ ಒದ್ದೆಯಾದದ್ದು ಗಾಳಿ ಬೀಸಿದಾಗ ಗೊತ್ತಾಯಿತು. ಅತ್ತೆ ಬಂದು ಪಕ್ಕದಲ್ಲಿ ಕೂತು, ಅವಳ ಬೆನ್ನಿನ ಮೇಲೆ ಕೈಯಿಟ್ಟಳು.

ಕೆಳಗೆ ಮನೆಯಲ್ಲಿ ಫೋನು ಬಡಿದುಕೊಳ್ಳತೊಡಗಿತು. ದೀಪ ಹಚ್ಚುವ ಹೊತ್ತಾಗಿತ್ತು. ಮೊಣಕಾಲು ವಿಚಾರಿಸುವ ಮಗ, ಊಟ ವಿಚಾರಿಸುವ ಗಂಡ ಅದರೊಳಗೆ ಕಾಯುತ್ತಿದ್ದ. ಬಸಲಿಂಗವ್ವ ಒಮ್ಮೆ ಮೆಟ್ಟಿಲ ಕಡೆ ನೋಡಿದಳು, ಏಳಲಿಲ್ಲ. ಬಡಿದು ಬಡಿದು ಫೋನು ನಿಂತಿತು.

ಸೆಟ್ಟಿನೊಳಗೆ ಜನರೇಟರು ಗುಂಯ್‌ಗುಡುತ್ತಲೇ ಇತ್ತು. ನೀಲಾಂಬಿಕಾ ಮೈಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಗುಂಡಿ ಒತ್ತಲಿಲ್ಲ. ಸರದಿ ಅವನದಾಗಿತ್ತು.